ಕೊಕ್ಕರೆ ನಿಂತಲ್ಲಿ ಗುದ್ದಲಿ

"ಕೋಟಿಗಟ್ಟಲೆ ಮಂದಿ ಒಂದೇ ಮನೆಯಲ್ಲಿದ್ದಾರೆ. ಒಬ್ಬನೂ ಬಾಡಿಗೆ ಕೊಡುವುದಿಲ್ಲ. ಕಳ್ಳ ನುಗ್ಗಿದರೆ ಕೆಲವರು ಅವನಿಗೇ ದೀಪ ಹಿಡಿಯುತ್ತಾರೆ, ಕೆಲವರು ಕಾವಲಿನವನನ್ನು ಎಬ್ಬಿಸುತ್ತಾರೆ. ಯಾರವರು ಗುರುಗಳೇ?"

ಶಿಷ್ಯ ಚೌಡಪ್ಪ ಹೀಗೆ ಕೇಳಿದಾಗ ಗುರುಗಳು ಗಡ್ಡ ಕೆರೆದುಕೊಂಡರು, ತಲೆ ಕೆರೆದುಕೊಂಡರು, ಕೆರೆಯಲು ಬೇರೇನೂ ಉಳಿಯದೆ ಸೋತೆ ಎಂದರು.

ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಎಂದ ಚೌಡಪ್ಪ. ಗುರುವನ್ನೇ ಸೋಲಿಸಿದ ಖುಷಿ ಅವನ ಮುಖದಲ್ಲಿರಲಿಲ್ಲ. ಅವನ ಅಕ್ಕನ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಎದ್ದಿತ್ತು. ಮೈಯೊಳಗಿನ ಕಾವಲುಪಡೆಯನ್ನೇ ಎಬ್ಬಿಸಿ ಗಡ್ಡೆಯ ಮೇಲೆ ಬಿಡುವ ಔಷಧಿಯನ್ನು ಡಾಕ್ಟರು ಸೋಮವಾರದಿಂದ ಕೊಡುವವರಿದ್ದರು. ಕೆಲವು ಜೀವಿಗಳು ಗಡ್ಡೆ ಬೆಳೆಯಲು, ಹರಡಲು ನೆರವಾಗುತ್ತವೆಂದು ಎಲ್ಲೋ ಓದಿದ ಚೌಡಪ್ಪ, ಡಾಕ್ಟರನ್ನು ಕೇಳದೆಯೇ, ಅವನ್ನು ಕೊಲ್ಲುವ ಮಾತ್ರೆ ತಂದಿಟ್ಟಿದ್ದ. ಅಷ್ಟನ್ನೂ ಒಂದೇ ಏಟಿಗೆ ಮುಗಿಸಿದರೆ ಅಕ್ಕ ಉಳಿಯುತ್ತಾಳಲ್ಲವೇ ಎಂಬುದು ಅವನ ನಿಜವಾದ ಪ್ರಶ್ನೆ.

ಗುರುಗಳು ಕತೆ ಹೇಳಿದರು.

ಒಬ್ಬ ರೈತನ ಗದ್ದೆ ಕೆರೆ ಏರಿಯ ಕೆಳಗಿತ್ತು. ಏರಿಯೊಳಗೆ ಏಡಿ ಸೇರಿ ತೂತು ಕೊರೆಯತೊಡಗಿತು. ಹೆಗ್ಗಣಗಳು ತಮ್ಮ ಬಿಲಗಳನ್ನೇ ಅದಕ್ಕೆ ದಾರಿ ಮಾಡಿಕೊಟ್ಟವು. ಏರಿ ಕಾಯುವ ನೀರುಗಂಟಿ ದಿನಾ ಬೆಳಿಗ್ಗೆ ಏಡಿಯ ತೂತಿನ ಬಳಿ ಹೊಂಚುವ ಕೊಕ್ಕರೆ ಎಲ್ಲಿ ನಿಂತಿದೆ ಎಂದು ನೋಡುತ್ತಿದ್ದ. ಅಲ್ಲೇ ಅಗೆದು, ಸಿಕ್ಕಿದ ಏಡಿ ತೆಗೆದು, ಜೇಡಿಮಣ್ಣು ಮೆತ್ತುತ್ತಿದ್ದ. ಅದು ಅವನ ಅಪ್ಪ ಕಲಿಸಿದ ಕಸುಬು. ರೈತನ ಕಣ್ಣಿಗೆ ಅದು ಸೋಮಾರಿತನ.

"ಹಕ್ಕಿ ನೋಡುತ್ತ ಕೂರುವುದಕ್ಕೆ ನಿನಗೆ ಕಣದಲ್ಲಿ ಕೂಲಿಯ ಭತ್ತ ಬೇರೆ ಅಳೆಯಬೇಕೇನಯ್ಯ?"

ಹೀಗೆ ಜರಿದು, ರೈತ ತಾನೇ ಏರಿಯುದ್ದಕ್ಕೂ ವಿಷ ಸುರಿದ. ಹೆಗ್ಗಣ ಸತ್ತವು. ಕಪ್ಪೆ ಸತ್ತವು, ಮೀನು ಸತ್ತವು. ತಿನ್ನಲು ಏನೂ ಇಲ್ಲದೆ ಕೊಕ್ಕರೆಗಳು ಹಾರಿಹೋದವು. ಏಡಿ ಮಾತ್ರ ತೂತಿನ ಬಾಯಿಗೆ ಕೆಸರು ಮೆತ್ತಿಕೊಂಡು ಆಳದಲ್ಲಿ ಹಾಯಾಗಿ ಕೂತಿತ್ತು. ಖಾಲಿ ಬಿದ್ದ ಬಿಲಗಳಲ್ಲಿ ಅದರ ಮರಿಗಳು ಸಂಸಾರ ಹೂಡಿದವು. ಎರಡು ತಿಂಗಳಿಗೆ ಏರಿಯ ಬುಡವೆಲ್ಲ ಜಿನುಗತೊಡಗಿತು. ರೈತ ಓಡಿಹೋಗಿ ನೀರುಗಂಟಿಯನ್ನು ಕರೆತಂದ.

"ಎಲ್ಲಿ ಅಗೆಯಲಿ ಗೌಡರೇ? ನನಗೆ ಹೇಳುತ್ತಿದ್ದವರನ್ನು ನೀವೇ ಕಳಿಸಿಬಿಟ್ಟಿರಲ್ಲ."

ಕೆರೆಗೆ ಹೊಸ ನೀರು ಬಂದ ಮೇಲೆ ರೈತ ಪಕ್ಕದೂರಿನ ಕೆರೆಯಿಂದ ಕೊಡಗಟ್ಟಲೆ ಕಪ್ಪೆ, ಮೀನುಮರಿ ಹೊತ್ತು ತಂದು ಬಿಟ್ಟ. ಕಪ್ಪೆಗೆ ಮದುವೆ ಗೊತ್ತುಮಾಡಿದ್ದೀಯಾ ಎಂದು ಊರವರು ನಕ್ಕರು. ಅವನು ಹೊರುವುದನ್ನು ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ಏರಿಯ ಮೇಲೆ ಒಂದು ಕೊಕ್ಕರೆ ಬಂದು ಒಂಟಿಕಾಲಲ್ಲಿ ನಿಂತಿತು. ನೀರುಗಂಟಿ ಗುದ್ದಲಿ ಎತ್ತಿಕೊಂಡ. ಏರಿ ಉಳಿಯಿತು.

ಏರಿ ನಿಜವಾಗಿಯೂ ಉಳಿಯಿತೇ ಎಂದು ಚೌಡಪ್ಪ ಮೆಲ್ಲಗೆ ಕೇಳಿದ.

"ನಾನು ಕೇಳಿದ ಕತೆಯಲ್ಲಿ ಏರಿ ಒಡೆದಿತ್ತು ಕಣೋ, ಈ ಕೊನೆ ನಾನೇ ಕಟ್ಟಿದ್ದು, ನೀನಿನ್ನೂ ವಿಷ ಹಾಕಿಲ್ಲವಲ್ಲ."