ಟಿಟ್ಟಿಭ ಹೊಟ್ಟೆ ನೆನೆಸಿಕೊಂಡು ಓಡುವುದೇಕೆ?

ಭೂಮಿ ಆಗಿನ್ನೂ ಕುಂಬಾರನ ಚಕ್ರದಿಂದ ಇಳಿಸಿದ ಮಡಕೆಯಂತಿತ್ತು. ಹೊಳೆಗೆ ತನ್ನ ದಾರಿ ಬಾಯಿಪಾಠವಾಗಿರಲಿಲ್ಲ. ಗಾಳಿ ಎತ್ತ ಹೋಗಬೇಕೆಂದು ಮರಗಳನ್ನು ಕೇಳಿಕೊಂಡು ಹೋಗುತ್ತಿತ್ತು. ಭಗವಂತ ಒಂದೊಂದು ಜೀವಕ್ಕೂ ಒಂದೊಂದು ಠಾವು ಹಂಚುತ್ತಿದ್ದ.

ಹಕ್ಕಿಗಳೆಲ್ಲ ಮರ ಹಿಡಿದವು. ಗೀಜಗ ಈಚಲು ಮರ ಹಿಡಿಯಿತು. ಗಿಳಿ ಪೊಟರೆ ಹಿಡಿಯಿತು. ಕಾಗೆ ಹೊಂಗೆಮರದ ತುದಿ ಹಿಡಿಯಿತು.

ಆಮೇಲೆ ಟಿಟ್ಟಿಭ ಹಕ್ಕಿಗಳ ಜೋಡಿ ಬಂತು. ಹೆಂಡತಿ ಟಿಟ್ಟವ್ವ, ಗಂಡ ಟಿಟ್ಟಪ್ಪ. ನೀಳವಾದ ಹಳದಿ ಕಾಲು, ಕಣ್ಣಿನ ಮುಂದೆ ಕುಂಕುಮದಂಥ ಕೆಂಪು. ಟಿಟ್ಟವ್ವ ಕೊಂಬೆಯ ಮೇಲೆ ಕಾಲಿಟ್ಟಳು, ಜಾರಿದಳು. ಮತ್ತೆ ಇಟ್ಟಳು, ಮತ್ತೆ ಜಾರಿದಳು. ಕೊಂಬೆಯನ್ನು ಹಿಡಿಯುವ ಹಿಂಬೆರಳು ಅವಳಿಗೆ ಇಲ್ಲವೆನ್ನುವಷ್ಟು ಚಿಕ್ಕದು.

"ನನಗೆ ನೆಲವೇ ಇರಲಿ ಸ್ವಾಮಿ," ಅಂದಳು. "ಓಡುವ ಕಾಲು ಕೊಟ್ಟಿದ್ದೀಯ. ಓಡಿಕೊಂಡು ಬಾಳುತ್ತೇನೆ."

ಭಗವಂತ ನಕ್ಕು ಹೊಳೆಯ ದಂಡೆಯಲ್ಲಿದ್ದ ಬೋಳು ಹರಳುಕಲ್ಲಿನ ಬಯಲನ್ನು ತೋರಿಸಿದ. ಅಲ್ಲಿ ಮರವಿಲ್ಲ, ಪೊದೆಯಿಲ್ಲ. ಟಿಟ್ಟವ್ವ ನೆಲವನ್ನು ಎದೆಯಿಂದ ಉಜ್ಜಿ ಸಣ್ಣ ತಗ್ಗು ಮಾಡಿ ನಾಲ್ಕು ಮೊಟ್ಟೆ ಇಟ್ಟಳು. ಚೂಪು ತುದಿಗಳನ್ನು ಒಳಕ್ಕೆ ಮಾಡಿ, ಹೂವಿನ ಎಸಳಿನ ಹಾಗೆ ಜೋಡಿಸಿದಳು.

ವೈಶಾಖದ ಬಿಸಿಲು ಬಂತು. ಹರಳುಗಳು ಹುರಿಯುವ ಹೆಂಚಿನಂತೆ ಕಾದವು. ಹೊಂಗೆಮರದಿಂದ ಕಾಗಣ್ಣ ಕತ್ತು ಚಾಚಿದ.

"ತಂಗೀ, ಒಲೆ ಹಚ್ಚದೆ ಅಡುಗೆಗೆ ಇಟ್ಟಿದ್ದೀಯಲ್ಲ, ಜಾಣೆ. ಬೆಂದ ಮೇಲೆ ಕೂಗು. ಎಲೆ ಹಾಕಿಕೊಂಡು ಕೂತಿರ್ತೀನಿ."

"ಕೂತಿರು ಅಣ್ಣ. ನಿನ್ನ ಎಲೆ ಒಣಗೋತನಕ ಕೂತಿರು," ಅಂದಳು ಟಿಟ್ಟವ್ವ. ಬಾಯಿ ಗಟ್ಟಿ, ಆದರೆ ಕಣ್ಣು ಮೊಟ್ಟೆಗಳ ಮೇಲೇ ಇತ್ತು. ಮೊಟ್ಟೆ ಕಾದರೆ ಮರಿ ಸಾಯುತ್ತದೆ. ಅಷ್ಟನ್ನು ಯಾರೂ ಹೇಳಿಕೊಡದೆ ತಾಯಿ ಬಲ್ಲಳು.

ಅವಳು ಮೇಲಕ್ಕೆ ನೋಡಿ ಕೈಮುಗಿದ ಹಾಗೆ ರೆಕ್ಕೆ ಮುಚ್ಚಿದಳು. "ಸೂರ್ಯಸ್ವಾಮೀ, ಒಂದು ಗಳಿಗೆ ಮೋಡದ ಮರೆಗೆ ಹೋಗಬಾರದೇ?"

"ನಾನು ಮರೆಯಾದರೆ ಜೋಳ ಹಾಲು ಕಟ್ಟೋದಿಲ್ಲ ತಾಯಿ," ಅಂದ ಸೂರ್ಯ. "ಕೊಡೋದು ನನ್ನ ಧರ್ಮ. ಯಾರಿಗೆ ಎಷ್ಟು ಮುಟ್ಟಿತು ಅನ್ನೋದು ನನಗೆ ಇಲ್ಲಿಂದ ಕಾಣೋದಿಲ್ಲ. ಅದನ್ನ ತಗೊಂಡವರೇ ಅಳೆದುಕೊಳ್ಳಬೇಕು."

ಸರಿ, ಟಿಟ್ಟವ್ವ ಮೊಟ್ಟೆಗಳ ಮೇಲೆ ರೆಕ್ಕೆ ಬಿಡಿಸಿ ನಿಂತಳು. ನೆರಳಾಯಿತು. ಮೇಲಿನಿಂದ ಬರುವ ಶಾಖ ನಿಂತಿತು. ಆದರೂ ಮೊಟ್ಟೆ ಕಾಯುತ್ತಲೇ ಇತ್ತು.

"ಭೂಮಿತಾಯೀ, ನೀನೂ ಕಾಯಿಸ್ತೀಯಾ?"

"ನಾನೇನು ಮಾಡಲಿ ಮಗಳೇ," ಅಂದಳು ಭೂಮಿ. "ಬೆಳಗಿನಿಂದ ಉಂಡ ಬಿಸಿಲು ನನ್ನ ಮೈಯಲ್ಲಿದೆ. ನನಗಿಂತ ತಂಪಾದವರು ಮುಟ್ಟಿದರೆ ಅವರಿಗೆ ದಾಟಿ ಹೋಗುತ್ತದೆ. ನಾನು ಬೇಡ ಅಂದರೂ ಹೋಗುತ್ತದೆ."

ಟಿಟ್ಟವ್ವ ಗಾಳಿಯನ್ನು ಕರೆದಳು. ಗಾಳಿ ಸಂತೋಷದಿಂದ ಓಡಿ ಬಂದು ಬೀಸಿತು. ಆದರೆ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು.

"ನಿಲ್ಲಪ್ಪ, ನಿಲ್ಲು. ನೀನು ಬೀಸಿದಷ್ಟೂ ಸುಡ್ತದೆ."

"ಬಂಡೆ ಸವರಿಕೊಂಡು ಬಂದವನು ನಾನು," ಅಂದಿತು ಗಾಳಿ, ಪೆಚ್ಚಾಗಿ. "ದಾರಿಯಲ್ಲಿ ಸಿಕ್ಕಿದ್ದನ್ನೇ ಅಲ್ವಾ ಹೊತ್ತು ತರೋದು?"

ಮನೆಗೆ ಒಂದು ಬಾಗಿಲಿದ್ದರೆ ಒಬ್ಬರೇ ಕಾಯಬಹುದು. ಶಾಖಕ್ಕೆ ಮೂರು ಬಾಗಿಲು. ಮೇಲಿನಿಂದ ಬಿಸಿಲಾಗಿ ಬೀಳುತ್ತದೆ, ಕೆಳಗಿನಿಂದ ಮುಟ್ಟಿ ದಾಟುತ್ತದೆ, ಪಕ್ಕದಿಂದ ಗಾಳಿಯ ಹೆಗಲೇರಿ ಬರುತ್ತದೆ.

ಅಷ್ಟರಲ್ಲಿ ಟಿಟ್ಟಪ್ಪ ಹೊಳೆ ದಾಟಿ ಬಂದ. ಆಳ ತಿಳಿಯದೆ ಇಳಿದು ಹೊಟ್ಟೆಯೆಲ್ಲ ತೊಯ್ದಿತ್ತು. ಪೆಚ್ಚಾಗಿ ನಿಂತಿದ್ದ ಗಾಳಿ ಅವನನ್ನು ಒಮ್ಮೆ ಸವರಿತು. ಟಿಟ್ಟಪ್ಪ ಗಡಗಡ ನಡುಗಿದ.

ಟಿಟ್ಟವ್ವ ಗಂಡನನ್ನೇ ನೋಡಿದಳು. "ಇಂಥ ಉರಿಬಿಸಿಲಲ್ಲಿ ನಿಮಗೆ ಚಳಿಯೇ?"

"ಒದ್ದೆ ಮೈ ಅಲ್ವೇನೇ, ಗಾಳಿ ತಾಗಿದರೆ ಜುಮ್ಮಂತದೆ."

ದೂರದಿಂದ ಹೊಳೆ ನಕ್ಕಳು. "ನಾನು ಆವಿಯಾಗಿ ಏಳುವಾಗ ಬರಿಗೈಲಿ ಹೋಗೋದಿಲ್ಲ ಮಗಳೇ. ನನ್ನನ್ನು ಹೊತ್ತವರ ಮೈಯಿಂದ ಒಂದಿಷ್ಟು ಶಾಖ ತಗೊಂಡೇ ಏಳೋದು."

ಟಿಟ್ಟವ್ವನಿಗೆ ಅಷ್ಟೇ ಸಾಕಾಯಿತು. "ಹೋಗಿ, ಇನ್ನೊಮ್ಮೆ ಮುಳುಗಿ ಬನ್ನಿ," ಅಂದಳು. ಟಿಟ್ಟಪ್ಪ ಹೊಳೆಗೆ ಓಡಿ, ನೀರಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊಟ್ಟೆಯ ಗರಿಗಳಲ್ಲಿ ನೀರು ತುಂಬಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂತ. ಗಾಳಿ ಬೀಸಿತು. ಬೈಸಿಕೊಂಡ ಅದೇ ಗಾಳಿ ಈಗ ತಂಪು ಮಾಡಿತು.

ಗೆದ್ದೆವು ಅಂದುಕೊಂಡರು. ಇಲ್ಲ, ಜಗಳ ಶುರುವಾಯಿತು.

ಟಿಟ್ಟಪ್ಪ ಹೊಳೆಯಿಂದ ಬಂದು ಮೊಟ್ಟೆಗೆ ಕಾಲು ತಾಗಿಸಿ, "ಅಯ್ಯೋ, ಸುಡ್ತಿದೆ" ಅನ್ನುತ್ತಿದ್ದ. ಟಿಟ್ಟವ್ವ ಕಾದ ಹರಳಿನ ಮೇಲೆ ನಿಂತಿದ್ದವಳು ಅದೇ ಮೊಟ್ಟೆಗೆ ಕಾಲು ತಾಗಿಸಿ, "ಎಲ್ಲಿ ಸುಡ್ತಿದೆ? ತಣ್ಣಗಾಗಿದೆ. ಬಿಸಿಲು ಕಾಣಲಿ ಬಿಡಿ" ಅನ್ನುತ್ತಿದ್ದಳು. ಅವನು ನೀರು ಹಾಕುವುದು, ಇವಳು ಬಿಸಿಲಿಗೆ ಬಿಡುವುದು. ಮೊಟ್ಟೆಗಳು ಒಮ್ಮೆ ಚಳಿಯಲ್ಲಿ, ಒಮ್ಮೆ ಉರಿಯಲ್ಲಿ.

ಮರದ ಮೇಲೆ ಕಾಗಣ್ಣನಿಗೆ ನಗು ತಡೆಯಲಿಲ್ಲ. "ಒಂದೇ ಮೊಟ್ಟೆ. ಗಂಡನಿಗೆ ಬಿಸಿ, ಹೆಂಡತಿಗೆ ತಂಪು. ಈ ಸಂಸಾರ ನಾನೇನೂ ಮಾಡದೆಯೇ ನನ್ನ ಎಲೆಗೆ ಬೀಳ್ತದೆ."

ಟಿಟ್ಟವ್ವ ಯೋಚಿಸಿದಳು. ಕಾಗೆ ಆಡಿದ್ದು ಕುಹಕ, ಆದರೆ ಮಾತು ನಿಜ. ಮೊಟ್ಟೆ ಒಂದೇ. ಹಾಗಾದರೆ ಎರಡಾಗಿರುವುದು ಯಾವುದು?

"ಏನಂದ್ರೆ, ನೀವು ಇಲ್ಲಿ ಹರಳಿನ ಮೇಲೆ ನಿಂತಿರಿ. ನಾನು ಹೊಳೆಗೆ ಹೋಗಿ ಬರ್ತೀನಿ."

ಹೋದಳು, ಬಂದಳು. ಇಬ್ಬರೂ ಕಾಲು ತಾಗಿಸಿದರು.

"ಸುಡ್ತಿದೆ," ಅಂದಳು ಟಿಟ್ಟವ್ವ.

"ತಣ್ಣಗಿದೆ," ಅಂದ ಟಿಟ್ಟಪ್ಪ. ಅಂದವನು ತನ್ನ ಮಾತಿಗೆ ತಾನೇ ಬೆರಗಾಗಿ ಕಾಲು ಎತ್ತಿ ನೋಡಿಕೊಂಡ. "ಇದೇನೇ ಇದು, ನಿನ್ನ ಮಾತು ನನ್ನ ಬಾಯಲ್ಲಿ?"

"ತಪ್ಪು ಮೊಟ್ಟೇದಲ್ಲ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಕಾಲಿನದು," ಅಂದಳು ಟಿಟ್ಟವ್ವ. "ಬಿಸಿಯಾದ ಕಾಲಿಗೆ ಎಲ್ಲವೂ ತಂಪು. ತಣ್ಣಗಾದ ಕಾಲಿಗೆ ಎಲ್ಲವೂ ಬಿಸಿ. ತಾನೇ ಬದಲಾಗೋದು ಇನ್ನೊಂದನ್ನ ಹೇಗೆ ಅಳೆದೀತು?"

ನಿಜ ತಾನೇ? ಅಳೆಯುವ ಸೇರು ಮನೆಯಿಂದ ಮನೆಗೆ ಹಿಗ್ಗಿ ಕುಗ್ಗಿದರೆ ರಾಗಿಯನ್ನು ದೂರಿ ಫಲವಿಲ್ಲ.

ಮೈಯಲ್ಲಿ ಸದಾ ಒಂದೇ ಹದವಾಗಿರುವ ಜಾಗ ಯಾವುದು? ಟಿಟ್ಟವ್ವ ಹುಡುಕಿದಳು. ರೆಕ್ಕೆಗೆ ಬಿಸಿಲು ತಾಗುತ್ತದೆ. ಕೊಕ್ಕಿಗೆ ನೀರು ತಾಗುತ್ತದೆ. ಹೊಟ್ಟೆಯ ನಡುವೆ, ಗರಿಗಳ ಅಡಿಯ ಚರ್ಮಕ್ಕೆ ಬಿಸಿಲೂ ಇಲ್ಲ, ನೀರೂ ಇಳಿಯುವುದಿಲ್ಲ. ಒಳಗಿನ ರಕ್ತ ಅದನ್ನು ಹಗಲೂ ಇರುಳೂ ಒಂದೇ ಹದದಲ್ಲಿಡುತ್ತದೆ.

ದೇವರನ್ನು ನೆನೆದು, ಅಲ್ಲಿದ್ದ ಗರಿಗಳನ್ನು ತಾನೇ ಕಿತ್ತುಕೊಂಡಳು. ನೋವಾಯಿತು. ಅಂಗೈಯ ಕುಳಿಯಷ್ಟು ಜಾಗ ಬೋಳಾಯಿತು. ಸುತ್ತಲಿನ ಗರಿ ಬೋಳನ್ನು ಮುಚ್ಚಿಕೊಂಡು ನೀರು ಹೊರಲು, ನಡುವಿನ ಬೋಳು ಶಾಖ ಅಳೆಯಲು. ಟಿಟ್ಟಪ್ಪನೂ ಹಲ್ಲು ಕಚ್ಚಿದ, ಅಂದರೆ ಕೊಕ್ಕು ಕಚ್ಚಿದ, ತಾನೂ ಕಿತ್ತುಕೊಂಡ.

ಅಂದಿನಿಂದ ಜಗಳವಿಲ್ಲ. ಮೊಟ್ಟೆಯನ್ನು ಬೋಳಿಗೆ ತಾಗಿಸುವುದು. ಬಿಸಿ ಅನ್ನಿಸಿದರೆ ಹೊಳೆಗೆ ಓಟ. ತಂಪು ಅನ್ನಿಸಿದರೆ ಅವುಚಿ ಕೂರುವುದು. ಏನೂ ಅನ್ನಿಸದಿದ್ದರೆ ಅದೇ ಸರಿಯಾದ ಹದ.

ಜ್ಯೇಷ್ಠದ ಹೊಸ್ತಿಲಲ್ಲಿ ಒಂದು ಮಧ್ಯಾಹ್ನ ಬಂತು. ಅಂಥ ಬಿಸಿಲನ್ನು ಭೂಮಿ ಅದುವರೆಗೆ ಕಂಡಿರಲಿಲ್ಲ. ಹಾವು ಹುತ್ತ ಸೇರಿತು. ಎಮ್ಮೆ ಮೂಗಿನವರೆಗೆ ಮುಳುಗಿತು. ಕಾಗಣ್ಣ ಕೂಡ ಬಾಯಿ ತೆರೆದು ತೇಕುತ್ತ, "ಇವತ್ತು ಬೆಂದವು ಬಿಡು" ಅಂದ.

ಟಿಟ್ಟವ್ವ ಓಡಿದಳು, ನೆನೆದಳು, ಬಂದಳು, ಕೂತಳು. ಟಿಟ್ಟಪ್ಪ ಓಡಿದ, ನೆನೆದ, ಬಂದ, ಕೂತ. ಒಬ್ಬರು ಏಳುವಾಗ ಇನ್ನೊಬ್ಬರು ಬಂದಿರುತ್ತಿದ್ದರು. ಮೊಟ್ಟೆಗಳ ಮೇಲಿನ ನೆರಳು ಒಮ್ಮೆಯೂ ಸರಿಯಲಿಲ್ಲ. ಕಾಲಿನ ಕೆಳಗೆ ಹರಳು ಸುಡುತ್ತಿತ್ತು. ಸುಡಲಿ, ಈಗ ಕಾಲಿನ ಮಾತು ಕೇಳುವವರು ಯಾರು?

ಹೊತ್ತು ವಾಲಿತು. ಟಿಟ್ಟವ್ವನ ಹೊಟ್ಟೆಯ ಬೋಳಿಗೆ ಬಿಸಿಯೂ ಅಲ್ಲದ ತಂಪೂ ಅಲ್ಲದ ಇನ್ನೊಂದು ತಾಗಿತು. ಟಕ್. ಒಳಗಿನಿಂದ ಯಾರೋ ಬಾಗಿಲು ತಟ್ಟಿದರು. ಟಕ್ ಟಕ್.

ಚಿಪ್ಪು ಬಿರಿಯಿತು. ಒಂದು ಮರಿ, ಇನ್ನೊಂದು, ಮತ್ತೊಂದು, ಕೊನೆಗೆ ನಾಲ್ಕನೆಯದು. ಮೈ ಒಣಗುವಷ್ಟು ಹೊತ್ತು ಕೂತವು, ಎದ್ದವು. ಕಣ್ಣು ತೆರೆದು ನೇರ ಓಡತೊಡಗಿದವು. ಮರದ ಮೇಲಿನ ಮರಿಗಳು ಕಣ್ಣು ಬಿಡದೆ ಬಾಯಿ ತೆರೆದು ಬಿದ್ದಿರುವ ವಯಸ್ಸಿನಲ್ಲಿ ಟಿಟ್ಟವ್ವನ ಮಕ್ಕಳು ಬಯಲಿನ ತುಂಬ ಓಡಾಡಿದವು.

"ಕಾಗಣ್ಣಾ, ಎಲೆ ತೆಗೀ," ಎಂದು ಟಿಟ್ಟಪ್ಪ ಆಕಾಶಕ್ಕೆ ಹಾರಿ ಊರೆಲ್ಲ ಕೇಳುವ ಹಾಗೆ ಕೂಗಿದ. ಕಾಗಣ್ಣ ಬೇರೆ ಮರ ನೋಡಿಕೊಂಡು ಹೋದ.

ಸೂರ್ಯ ಹೊಳೆಯ ಅಂಚಿನಲ್ಲಿ ಒಂದು ಗಳಿಗೆ ನಿಂತ. "ತಾಯೀ, ನಾನು ಇಷ್ಟು ದಿನ ಕೊಟ್ಟೆ. ಅಳೆದು ತಗೊಂಡವಳು ನೀನೊಬ್ಬಳು," ಅಂದ. ಹೋಗುವಾಗ ನಾಲ್ಕೂ ಮರಿಗಳ ಬೆನ್ನಿಗೆ ಹೊನ್ನಿನ ಬೆಳಕು ಸವರಿ ಹೋದ.

ಮಗೂ, ನಿನಗೆ ಜ್ವರ ಬಂದಾಗ ಅವ್ವ ಥರ್ಮಾಮೀಟರನ್ನು ಅಂಗೈಗೆ ಹಿಡಿಸದೆ ಕಂಕುಳಲ್ಲಿ ಇಡುವುದು ಇದೇ ಗುಟ್ಟಿನಿಂದ. ಹಣೆಗೆ ಒದ್ದೆ ಬಟ್ಟೆ ಹಾಕುವುದೂ ಹೊಳೆಯಮ್ಮ ಅಂದು ಆಡಿದ ಮಾತಿನಿಂದ. ಮತ್ತೆ ನಾಳೆ ನಡುಮಧ್ಯಾಹ್ನ ಕೆರೆಯ ಕಡೆ ನೋಡು: ಹಳದಿ ಕಾಲಿನ ಹಕ್ಕಿಯೊಂದು ನೀರಲ್ಲಿ ಕುಕ್ಕರಿಸಿ, ಹೊಟ್ಟೆ ನೆನೆಸಿಕೊಂಡು, ಹನಿ ಸೋರಿಸುತ್ತ ಸುಡುವ ಬಯಲಿಗೆ ತಲೆಯೆತ್ತಿ ಓಡುತ್ತದಲ್ಲ, ಅದು ಅಂದು ಗೆದ್ದ ಟಿಟ್ಟವ್ವನ ಮಗಳು, ತನ್ನ ಮೊಟ್ಟೆಗಳ ಹದ ಕಾಯಲು ಹೊರಟಿದ್ದಾಳೆ.