ನೆಲಮಾಳಿಗೆಯ ಸ್ಪೀಕರ್‌ಗಳು

ಜಿನದತ್ತ ತನ್ನ ಮನೆಯ ವಿಶಾಲವಾದ ನೆಲಮಾಳಿಗೆಯಲ್ಲಿ ಸಿನಿಮಾ ನೋಡುವ ಕೋಣೆ ಮಾಡಿಸಲು ಹೊರಟು, ಸ್ಪೀಕರ್ ಆರಿಸಲು ಅಂಗಡಿಗೆ ಹೋದ.

ಆಳೆತ್ತರದ ಜೋಡಿ ಸ್ಪೀಕರ್‌ಗಳು ಅವನನ್ನು ಕರೆದು, "ನಾವಿದ್ದಲ್ಲಿ ಬೇರೆ ಯಾವ ದನಿಯೂ ನಿಮ್ಮ ಕಿವಿಗೆ ಬೀಳದು," ಎಂದವು.

ಮೂಲೆಯಲ್ಲಿದ್ದ ಸಣ್ಣ ಸ್ಪೀಕರ್, "ಸ್ವಾಮಿ, ನನ್ನನ್ನು ಕೊಂಡರೆ ಮೇಲಿನಿಂದ ಯಾರಾದರೂ ಕರೆದದ್ದೂ ಕೇಳಿಸುತ್ತದೆ," ಎಂದಿತು.

"ಅಷ್ಟು ದೊಡ್ಡ ಕೋಣೆಗೆ ನೀನು ಎಲ್ಲಿ ಸಾಲುತ್ತೀಯ?" ಎಂದು ನಕ್ಕು ಜಿನದತ್ತ ದೊಡ್ಡ ಜೋಡಿಯನ್ನೇ ಕೊಂಡ. ಜೊತೆಗೆ ಇಡೀ ಗೋಡೆ ಮುಚ್ಚುವ ಪರದೆಯನ್ನೂ ತಂದ.

ಆಮೇಲೆ ಅವನು ಹೆಚ್ಚು ಹೊತ್ತು ಕೆಳಗೇ ಇರತೊಡಗಿದ. ಹೆಂಡತಿ ಪದ್ಮಲತಾ ಮೆಟ್ಟಿಲ ಮೇಲೆ ನಿಂತು ಊಟಕ್ಕೆ ಕರೆಯುತ್ತಿದ್ದಳು. ಅವನಿಗೆ ಕೇಳಿಸುತ್ತಿರಲಿಲ್ಲ.

ಒಂದು ಸಂಜೆ ಸಿನಿಮಾ ಮುಗಿದಾಗ ಮನೆ ವಿಪರೀತ ಮೌನವಾಗಿತ್ತು. "ಪದ್ಮ ನನ್ನನ್ನು ಕರೆದಳೇ?" ಎಂದು ಅವನು ಕೇಳಿದ.

"ಕರೆದರು," ಎಂದವು ಸ್ಪೀಕರ್‌ಗಳು. "ಅವರ ಕೂಗನ್ನೆಲ್ಲ ನಾವು ಇಟ್ಟುಕೊಂಡಿದ್ದೇವೆ. ಕೊನೆಯದನ್ನು ಕೇಳಿ."

ಪರದೆಯ ಮೇಲೆ ಚೀಲ ಹಿಡಿದು ನಿಂತ ಪದ್ಮಲತಾ ಮೂಡಿದಳು. ಅವಳ ದನಿ ಕೋಣೆಯನ್ನೆಲ್ಲ ತುಂಬಿತು: "ರೀ, ನಾನು ಹೊರಟೆ. ಬೇಡ ಅಂತ ಒಂದು ಮಾತು ಹೇಳಿ, ನಿಲ್ಲುತ್ತೇನೆ."

"ಇದನ್ನು ಯಾವಾಗ ಹೇಳಿದಳು?"

"ಮೊನ್ನೆ."

ಪರದೆಯಲ್ಲಿ ಪದ್ಮಲತಾ ಬೆನ್ನು ತಿರುಗಿಸಿದಳು. ಜಿನದತ್ತ ಎದ್ದು ನಿಂತು, "ಹೋಗಬೇಡ!" ಎಂದು ಕಿರುಚಿದ. ಗಂಟಲು ನೋಯುವಷ್ಟು ಕಿರುಚಿದರೂ ಆ ದನಿ ಅವನ ಕಿವಿಗೇ ಬೀಳಲಿಲ್ಲ.

"ಅದನ್ನೂ ಇಟ್ಟುಕೊಂಡೆವು," ಎಂದವು ಸ್ಪೀಕರ್‌ಗಳು.