ವಾರಿಜಾ ಆರಿಸಿದ ನೃತ್ಯಮಾಲೆ

ನೇತ್ರಾವತಿಯ ದಡದ ಮೇಲಿನ ಒಂದು ಮನೆಯಲ್ಲಿ ಎಮಿಲ್ಡಾ ಟೀಚರ್ ಪಿಯಾನೊ ಕಲಿಸುತ್ತಿದ್ದರು.

ಅವರ ಶಿಷ್ಯೆ ವಾರಿಜಾ ಸ್ಕೂಟರಿನಿಂದ ಬಿದ್ದು ಎಡಗೈ ಮುರಿದುಕೊಂಡಳು. ಮೂಳೆಯೇನೋ ಕೂಡಿತು. ಆದರೆ ಕಿರುಬೆರಳು ಮಡಚಲು ಬಾರದೆ ಕಡ್ಡಿಯಂತೆ ಸೆಟೆದು ನಿಂತಿತು.

ಬಹಳ ದಿನಗಳ ಮೇಲೆ ಅವಳು ಮತ್ತೆ ಬಂದಳು.

“ಟೀಚರ್, ಬರೋಕ್ ಕಾಲದ ಒಂದು ನೃತ್ಯಮಾಲೆ ಕಲಿಯಬೇಕು. ಪೂರ್ತಿ.”

ಹಳೆಯ ಯುರೋಪಿನ ಕುಣಿತದ ಹಾಡುಗಳನ್ನು ಒಂದರ ಹಿಂದೊಂದು ಪೋಣಿಸಿದ ಸಂಗೀತ ಅದು. ಅದರಲ್ಲಿ ಎಡಗೈ ಸುಮ್ಮನೆ ಬಲಗೈಗೆ ಆಸರೆ ಕೊಡುತ್ತಾ ಕೂರುವಂತಿಲ್ಲ. ಸರಿಸಮವಾಗಿ ಕುಣಿಯಬೇಕು.

ಟೀಚರ್ ಅವಳ ಬೆರಳು ನೋಡಿದರು. ಬೇಡ ಎನ್ನಲಿಲ್ಲ. ಕಪಾಟಿನಿಂದ ಮೂರು ಪುಸ್ತಕ ತೆಗೆದು ಪಿಯಾನೊ ಮೇಲಿಟ್ಟರು.

“ಒಂದೊಂದರಲ್ಲಿ ಒಂದೊಂದು ಮಾಲೆ ಉಂಟು. ಆರಿಸು.”

“ನೀವೇ ಹೇಳಿ ಟೀಚರ್.”

“ಕಲಿಯುವುದು ನಾನಾ?”

ವಾರಿಜಾ ಪುಟ ತಿರುವಿದಳು. ಎಡಗೈಗೆ ಎಲ್ಲಕ್ಕಿಂತ ಕಡಿಮೆ ಕೆಲಸವಿದ್ದ ಪುಸ್ತಕ ಹಿಡಿದು ಮನೆಗೆ ಹೋದಳು.

ಮಳೆಗಾಲ ಮುಗಿಯುವ ಮೊದಲೇ ಆ ಮಾಲೆ ಕೈಗೆ ಹತ್ತಿತು. ಒಂದೂ ತಪ್ಪಿಲ್ಲದೆ ನುಡಿಸಿದಳು.

“ಚೆಂದ ಉಂಟು,” ಎಂದರು ಟೀಚರ್. “ಇನ್ನೊಮ್ಮೆ?”

“ಮುಗಿಯಿತಲ್ಲ ಟೀಚರ್.”

ಟೀಚರ್ ಆ ಪುಸ್ತಕವನ್ನು ಕಪಾಟಿಗೆ ಸೇರಿಸಿದರು.

ಮುಂದೆ ಅವಳು ಎತ್ತಿಕೊಂಡದ್ದು ಅತಿ ಕಷ್ಟದ್ದನ್ನು. ಮುರಿದ ಕೈಯಲ್ಲಿ ಇದನ್ನು ನುಡಿಸಿದರೆ ಜನ ಬೆರಗಾಗುತ್ತಾರೆ ಎಂದುಕೊಂಡಳು. ಹಗಲೆಲ್ಲ ಹಟ ಹಿಡಿದು ಕೂತಳು. ಮಣಿಕಟ್ಟು ಊದಿತು. ಒಂದು ದಿನ ಟೀಚರ್ ಮನೆಯಲ್ಲೇ ಪಿಯಾನೊದ ಮುಚ್ಚಳವನ್ನು ಧಡ್ ಎಂದು ಮುಚ್ಚಿದಳು.

“ಎಂತ ಆಯ್ತು?”

“ನಾಚಿಕೆ ಆಗ್ತದೆ ಟೀಚರ್. ಹೀಗೆ ನುಡಿಸಿದರೆ ಕೇಳಿದವರು ಎಂತ ಹೇಳಿಯಾರು?”

ಟೀಚರ್ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. “ಎಲ್ಲಿದ್ದಾರೆ ಅವರು?”

ವಾರಿಜಾ ಊದಿದ ಮಣಿಕಟ್ಟನ್ನು ಒತ್ತಿಕೊಂಡಳು.

“ಕೈಗೆ ಬಿಸಿನೀರು ಹಾಕು. ಊತ ಇಳಿದ ಮೇಲೆ ಬಾ.”

ಊತ ಇಳಿಯಿತು. ಅವಳು ಬಂದಾಗ ಟೀಚರ್ ಹಿತ್ತಿಲಲ್ಲಿ ಮೀನು ಹೆಚ್ಚುತ್ತಿದ್ದರು. “ಕೂತಿರು, ಬಂದೆ,” ಎಂದರು.

ಕಾಯುತ್ತಾ ಕೂತವಳು ಉಳಿದಿದ್ದ ಪುಸ್ತಕವನ್ನು ತೆರೆದಳು. ನಡುವೆ ಒಂದು ನಿಧಾನದ ಕುಣಿತವಿತ್ತು. ಸುಮ್ಮನೆ ಬೆರಳಿಟ್ಟಳು. ಎಡಗೈಯ ಕೆಳಸ್ವರಗಳು ಎಲ್ಲೆಲ್ಲೋ ತಪ್ಪಿದವು. ಕಿರುಬೆರಳು ಪಿಯಾನೊದ ಒಂದು ಕೀಲಿಗೆ ಹೋಗಬೇಕಾದದ್ದು ಪಕ್ಕದ ಕೀಲಿಗೆ ಹೋಯಿತು. ಅವಳು ಮತ್ತೆ ಮೊದಲಿಗೆ ಬಂದಳು. ಮತ್ತೆ ತಪ್ಪಿತು. ಮತ್ತೆ ಮೊದಲಿಗೆ.

ಹಿತ್ತಿಲಲ್ಲಿ ಮೀನು ಹೆಚ್ಚಿ ಆಯಿತು, ಸಾರು ಕುದಿಯಿತು, ಅನ್ನ ಬೆಂದಿತು. ಟೀಚರ್ ಬಾಗಿಲಿಗೆ ಬಂದು ನಿಂತದ್ದು ವಾರಿಜಾಗೆ ತಿಳಿಯಲಿಲ್ಲ.

“ಊಟಕ್ಕೆ ಏಳ್ತೀಯಾ ಮಾರಾಯ್ತಿ?”

“ಒಂದು ನಿಮಿಷ ಟೀಚರ್. ಈ ಸಾಲು ಇನ್ನೊಮ್ಮೆ.”

“ತುಂಬ ತಪ್ಪು ಹೋಗ್ತಾ ಉಂಟು.”

“ಗೊತ್ತುಂಟು. ಇನ್ನೊಮ್ಮೆ.”

ಟೀಚರ್ ಆ ಕಷ್ಟದ ಪುಸ್ತಕವನ್ನೂ ಕಪಾಟಿಗೆ ಸೇರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು.

ವಾರಿಜಾ ಆಗ ಕೈ ನಿಲ್ಲಿಸಿದಳು. ಮುಂದಿನ ಪುಟಗಳನ್ನು ತಿರುವಿದಳು. ಕೊನೆಯ ಕುಣಿತದಲ್ಲಿ ಎಡಗೈ ಬಲಗೈಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು.

“ಇದಕ್ಕೆ ವರ್ಷಗಟ್ಟಲೆ ಬೇಕು ಟೀಚರ್.”

“ಬೇಕು.”

“ಆದರೂ ಇದನ್ನೇ ಕಲಿಯುತ್ತೇನೆ.”

“ಸರಿ.”

ಅವಳು ತನ್ನ ಕಿರುಬೆರಳನ್ನೇ ನೋಡಿದಳು. “ಆದರೆ ಇದು ಎಂದೂ ಬಾಗದೇ ಹೋದರೆ?”

ಟೀಚರ್ ಅವಳ ಪಕ್ಕದಲ್ಲಿ ಕೂತು, ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದರು.

“ಇಷ್ಟು ಹೊತ್ತು ಊಟ ಮರೆತು ನುಡಿಸಿದ್ದು ಯಾವ ಬೆರಳಿನಲ್ಲಿ?”